ಜೋಳದ ಸೀಮೆಯಲ್ಲಿ ಗೋಧಿಯ ಕಾಯಿಲೆ

ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು, ಈಗ ದೆಹಲಿಯಲ್ಲಿ ಸಂಸಾರ ಹೂಡಿರುವ ನನಗೆ ಎರಡೂ ಕಡೆಯ ರೀತಿಗಳನ್ನು ಹೋಲಿಸಿ ನೋಡುವ ಅನಿವಾರ್ಯತೆಯನ್ನು ತಂದಿತ್ತದ್ದು ಚರ್ಮದ ಒಂದು ಕಾಯಿಲೆ. ಗೋಧಿಯಿಲ್ಲದೆ ಊಟವೇ ಇಲ್ಲವೆನ್ನುವ ಉತ್ತರದವರಿಗೆ, ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಗೊತ್ತು; ಗೋಧಿಯ ಹಂಗಿಲ್ಲದೆ ಹೊಟ್ಟೆತುಂಬ ಉಣ್ಣಬಲ್ಲ ನಮ್ಮವರಲ್ಲಿ ಹೆಚ್ಚಿನವರು ಅದರ ಹೆಸರನ್ನೂ ಕೇಳಿಲ್ಲ.

ಗೋಧಿ, ಬಾರ್ಲಿಗಳಲ್ಲಿರುವ ಪ್ರೋಟೀನಾದ ಗ್ಲುಟೆನ್‌ಗೆ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದಾಗ ಹುಟ್ಟುವ ಐಜಿಎ ಎಂಬ ಪ್ರತಿಕಾಯಗಳು ಕೆಲವರ ಚರ್ಮದಲ್ಲಿ ಶೇಖರವಾಗಿ, ಮೊಣಕೈ, ಮೊಣಕಾಲು, ಪೃಷ್ಠಗಳ ಎರಡೂ ಬದಿಯಲ್ಲಿ ಸಣ್ಣ ನೀರ್ಗುಳ್ಳೆಗಳನ್ನೂ ತಡೆಯಲಾಗದ ತುರಿಕೆಯನ್ನೂ ತರುತ್ತವೆ. ಸೀಲಿಯಾಕ್ ಚರ್ಮದಲ್ಲಿ ತೋರುವ ರೂಪವಾದ, ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್ ಎಂಬ ಈ ಕಾಯಿಲೆಯನ್ನು ಲೂಯಿ ಡೂರಿಂಗ್ ಎಂಬ ವೈದ್ಯರು 1884ರಲ್ಲೇ ವರ್ಣಿಸಿದ್ದರು. ಇದು ಅಂಟುರೋಗವಲ್ಲ. ಅನೇಕರಿಗೆ ಹೊಟ್ಟೆಯ ತೊಂದರೆಯೇ ಕಾಣಿಸದಿರುವುದರಿಂದ ಊಟದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಊರಿನಲ್ಲಿ ನನಗೆ ಸಿಕ್ಕಿದ್ದು ತುರಿಕಜ್ಜಿಯ ಮುಲಾಮು ಮತ್ತು 'ನಂಜು, ಬದನೆಕಾಯಿ ಬಿಡು' ಎಂಬ ಸಲಹೆ. ಚಪಾತಿ ಬಿಡು ಎಂದವರಿಲ್ಲ. ದೆಹಲಿಯ ವೈದ್ಯರು ಮೊದಲ ಭೇಟಿಯಲ್ಲೇ ಊಟದ ಬಗ್ಗೆ ವಿಚಾರಿಸಿ, ರಕ್ತಪರೀಕ್ಷೆ ಮಾಡಿಸಿ, ಗುಳ್ಳೆಯ ಪಕ್ಕದ ಗಾಯವಿಲ್ಲದ ಚರ್ಮದ ಚೂರನ್ನು ಪರೀಕ್ಷೆಗೆ ಕಳುಹಿಸಿದರು.

ಇದಕ್ಕಾಗಿ ನಮ್ಮ ಕಡೆಯ ವೈದ್ಯರನ್ನು ನಾನು ದೂರುವುದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸೀಲಿಯಾಕ್ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗಿದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟೇ. ಆದರೆ ಆ ಒಬ್ಬರ ತುರಿಕೆಯೂ ತುರಿಕೆಯೇ ಅಲ್ಲವೇ?

ಡ್ಯಾಪ್ಸೋನ್ ಮಾತ್ರೆ ಕೆಲವೇ ದಿನಗಳಲ್ಲಿ ತುರಿಕೆಯನ್ನು ತಗ್ಗಿಸುತ್ತದೆ. ರಕ್ತಕಣಗಳನ್ನು ಒಡೆಯಬಲ್ಲ ಔಷಧವಾದ್ದರಿಂದ ಮೊದಲೇ, ಆ ಕಣಗಳನ್ನು ಕಾಯುವ ಕಿಣ್ವದ ಕೊರತೆಯಿದೆಯೇ ಎಂದು ನೋಡುವ ಜಿ-ಸಿಕ್ಸ್-ಪಿಡಿ ಪರೀಕ್ಷೆ ಮಾಡಿಸಬೇಕು. ಕುಷ್ಠರೋಗಕ್ಕೂ ಇದೇ ಮಾತ್ರೆ ಕೊಡುವುದರಿಂದ ಊರಿನಲ್ಲಿ ಪಿಸುಮಾತು ಹುಟ್ಟುತ್ತದೆ, ಮತ್ತು ಅದು ತುರಿಕೆಗಿಂತ ಹೆಚ್ಚು ನೋಯಿಸುತ್ತದೆ. ಕರುಳಿಗೂ ಚರ್ಮಕ್ಕೂ ನಿಜವಾದ ಮದ್ದು ಗ್ಲುಟೆನ್ ಇಲ್ಲದ ಊಟ. ಅದರ ಫಲ ಚರ್ಮದ ಮೇಲೆ ಪೂರ್ತಿ ಕಾಣಲು ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು.

ಅಂಥ ಊಟ ನಮ್ಮ ಸೀಮೆಯಲ್ಲಿ ಹುಡುಕದೆ ಸಿಗುತ್ತದೆ. ದೆಹಲಿಯಲ್ಲಿ ದುಬಾರಿ ಪೊಟ್ಟಣಗಳಲ್ಲಿ ಮಾರುವ ಜೋಳ, ಸಜ್ಜೆ, ನವಣೆಗಳು ಇಲ್ಲಿ ದಿನನಿತ್ಯದ ಕಾಳುಗಳು. ಗಂಗಾವತಿಯ ಅಕ್ಕಿಯಂತೂ ಇದ್ದೇ ಇದೆ. ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ, ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿಹಿಟ್ಟು ನಮ್ಮ ಡಬ್ಬಿಗೆ ಇಳಿಯುತ್ತದೆ. ಒಂದು ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಿದರೆ ಆ ಆಹಾರವನ್ನು ಗ್ಲುಟೆನ್‌ರಹಿತವೆಂದು ಮಾರುವಂತಿಲ್ಲ ಎಂದಮೇಲೆ ಈ ಬೆರಕೆಯನ್ನು ಅಲ್ಪವೆನ್ನಲಾಗದು. ಅದಕ್ಕೇ ನನ್ನ ಅತ್ತಿಗೆ, ನಾನು ಊರಿಗೆ ಬರುವ ಮುನ್ನ, ಜೋಳವನ್ನು ಮನೆಯ ಬೀಸುಕಲ್ಲಿನಲ್ಲೇ ಬೀಸಿ, ಬೇರೆ ಹಂಚಿನಲ್ಲಿ ರೊಟ್ಟಿ ಬಡಿಯುತ್ತಾರೆ. ಮೈದಾ ಬೆರೆತಿರುವ ಹಿಂಗನ್ನು ಒಗ್ಗರಣೆಗೆ ಹಾಕುವುದಿಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಗೋಧಿಯ ಮಾದಲಿಯನ್ನು ಕೈಮುಗಿದು ಬೇಡವೆನ್ನುವುದು ಮಾತ್ರ ನನಗಿನ್ನೂ ಕಷ್ಟ.

ಬಳ್ಳಾರಿ, ರಾಯಚೂರು, ಕೊಪ್ಪಳಗಳ ಚರ್ಮವೈದ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಮುಲಾಮುಗಳಿಗೆ ಮಣಿಯದ ತುರಿಕೆ ಎರಡೂ ಮೊಣಕೈಗಳಲ್ಲಿ ಒಂದೇ ಬಗೆಯಲ್ಲಿ ಮರಳಿ ಮರಳಿ ಕಂಡಾಗ, ರೋಗಿ ಗೋಧಿಯನ್ನು ಬಿಡುವ ಮೊದಲೇ ಸೀಲಿಯಾಕ್ ರಕ್ತಪರೀಕ್ಷೆಯನ್ನು ಬರೆದುಕೊಡಿ, ಏಕೆಂದರೆ ಬಿಟ್ಟಮೇಲೆ ಅದು ಕಾಯಿಲೆಯನ್ನು ತೋರಿಸದಿರಬಹುದು.