ಗಡ್ಡೆಯ ಚಿತ್ರ ಕೆಂಪಾಗಿದ್ರೆ ಸಾಲದು

‘ಕ್ಯಾನ್ಸರ್ ಗಡ್ಡೆಯ ನಡುಮಧ್ಯಕ್ಕೇ ನುಗ್ಗುವ ನ್ಯಾನೋಕಣ’ (ಔಷಧಿ ಹೊತ್ತೊಯ್ಯೋ ಅತಿ ಸಣ್ಣ ಕಣ) ಅನ್ನೋ ಸುದ್ದೀನ ಯಾರಾದ್ರೂ ಒಬ್ರು ಆಗಾಗ ನನಗೆ ಟ್ಯಾಗ್ ಮಾಡ್ತಾನೇ ಇರ್ತಾರೆ. ಜೊತೆಗೊಂದು ಚೆಂದದ ಚಿತ್ರ: ಕಪ್ಪು ಹಿನ್ನೆಲೆ, ದುಂಡನೆಯ ಗಡ್ಡೆ, ಅದರ ತುಂಬ ಕೆಂಪು. ಕಣ ಒಳಗೆಲ್ಲ ಹೋಗಿದೆ ಅನ್ನೋದಕ್ಕೆ ಆ ಕೆಂಪೇ ಸಾಕ್ಷಿಯಂತೆ. ಲ್ಯಾಬಿನಲ್ಲಿ ಇಂಥ ಚಿತ್ರ ತೆಗೆಯೋದೇ ನನ್ನ ಕೆಲಸ. ಆ ಕೆಂಪನ್ನ ನಾನಂತೂ ಸುಲಭಕ್ಕೆ ನಂಬಲ್ಲ.

ಚಿತ್ರದಲ್ಲಿರೋದು ಬಹುತೇಕ ಸಲ ರೋಗಿಯ ಗಡ್ಡೆ ಅಲ್ಲ, ಸ್ಫೆರಾಯ್ಡ್. ತಳಕ್ಕೆ ಅಂಟಿಕೊಳ್ಳೋಕೆ ಬಿಡದ ಪ್ಲೇಟಿನಲ್ಲಿ ಕ್ಯಾನ್ಸರ್ ಕೋಶಗಳನ್ನ ಹಾಕಿದ್ರೆ, ಅವು ಒಂದಕ್ಕೊಂದು ಅಂಟಿ ಉಂಡೆ ಕಟ್ಟುತ್ತವೆ. ಉಂಡೆ ಅರ್ಧ ಮಿಲಿಮೀಟರಿನಷ್ಟಾದಾಗ ಹೊರಪದರದ ಕೋಶಗಳು ಹೆಚ್ಚುತ್ತಾ ಇರ್ತವೆ, ಆಮ್ಲಜನಕ ಸಿಗದ ನಡುಭಾಗ ಸತ್ತಿರುತ್ತೆ. ನಿಜವಾದ ಗಡ್ಡೆಯಲ್ಲೂ ಹೀಗೇ ಆಗೋದ್ರಿಂದ ಇದು ಒಳ್ಳೆ ಮಾದರಿಯೇ. ತಕರಾರಿರೋದು ನಾವು ಅದನ್ನ ನೋಡೋ ರೀತಿಯಲ್ಲಿ.

ಇಂಥ ಕಣಗಳಲ್ಲಿ ತುಂಬೋ ಡಾಕ್ಸೋರುಬಿಸಿನ್ ಅನ್ನೋ ಕ್ಯಾನ್ಸರ್ ಔಷಧಿಯನ್ನೇ ತಗೊಳ್ಳಿ. ಅದು ತಾನಾಗಿಯೇ ಕೆಂಪಗೆ ಹೊಳೆಯುತ್ತೆ. ಕಣ ಹೊರಪದರದಲ್ಲೇ ಸಿಕ್ಕಿಕೊಂಡು ಔಷಧಿ ಮಾತ್ರ ಸೋರಿ ಒಳಗೆ ಹೋದ್ರೂ ಚಿತ್ರ ಕೆಂಪೇ. ಕಣಕ್ಕೊಂದು ಬಣ್ಣ, ಔಷಧಿಗೊಂದು ಬಣ್ಣ ಕೊಟ್ಟು ಎರಡೂ ಎಲ್ಲಿ ಬೇರೆಯಾದವು ಅಂತ ತೋರಿಸದಿದ್ರೆ ಒಳಗೆ ಹೋಗಿದ್ದು ಯಾವುದು ಅಂತ ಹೇಳೋದು ಹೇಗೆ? ಇದರ ಉಲ್ಟಾ ಮೋಸವೂ ಇದೆ. ಪದರ ಪದರವಾಗಿ ಚಿತ್ರ ತೆಗೆಯೋ ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಬೆಳಕು ಇಂಥ ದಟ್ಟ ಉಂಡೆಯೊಳಗೆ 100 ಮೈಕ್ರೋಮೀಟರಿನ (0.1 ಮಿಲಿಮೀಟರ್) ಆಸುಪಾಸಿನಲ್ಲೇ ಚದುರಿ ಮಂಕಾಗುತ್ತೆ. ನಡುಭಾಗ ಕಪ್ಪಾಗಿದ್ರೆ ಅಲ್ಲಿಗೆ ಹೋಗದಿದ್ದದ್ದು ಕಣವೋ ಬೆಳಕೋ? ಉಂಡೆಯನ್ನ ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಒಂದೊಂದೇ ಸೀಳನ್ನ ನೋಡಬೇಕು. ಬೇಜಾರಿನ ಕೆಲಸ. ಹಾಗಾಗಿಯೇ ಎಷ್ಟೋ ಜನ ಅದರ ಗೋಜಿಗೆ ಹೋಗಲ್ಲ.

ಇನ್ನು ಸ್ಫೆರಾಯ್ಡಿಗೆ ರಕ್ತನಾಳವೇ ಇಲ್ಲ. 24 ಗಂಟೆ ಕಣಗಳ ದ್ರಾವಣದಲ್ಲಿ ಮುಳುಗಿಸಿಡ್ತೀವಿ, ಸುತ್ತಲಿಂದಲೂ ಕಣಗಳೇ. ಅತಿಥಿಯನ್ನ ಬಾಗಿಲಿಗೇ ತಂದು ಇಳಿಸಿ ‘ನೋಡಿ, ಮನೆ ಹುಡುಕಿಕೊಂಡು ಬಂದ್ರು’ ಅಂದಹಾಗೆ. ದೇಹದಲ್ಲಿ ದಾರಿಮಧ್ಯೆ ಲಿವರ್, ಸ್ಪ್ಲೀನ್ ಎರಡೂ ಬಹುಪಾಲು ಕಣಗಳನ್ನ ಹಿಡಿದುಹಾಕ್ತವೆ. ಹತ್ತು ವರ್ಷಗಳ ಪ್ರಯೋಗಗಳ ವರದಿಗಳನ್ನ ಜಾಲಾಡಿದ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ತಂಡ 2016ರಲ್ಲಿ ಹೇಳಿದ ಲೆಕ್ಕ: ಚುಚ್ಚಿದ ಕಣಗಳಲ್ಲಿ ಗಡ್ಡೆ ಮುಟ್ಟೋದು ಮಧ್ಯಾಂಕದಲ್ಲಿ (ಅರ್ಧ ವರದಿಗಳಲ್ಲಿ ಇದಕ್ಕಿಂತ ಕಮ್ಮಿ, ಅರ್ಧದಲ್ಲಿ ಹೆಚ್ಚು) ಶೇ. 0.7. ಮುಟ್ಟಿದ ಮೇಲೂ ಒಳಗಿನ ದ್ರವದ ಒತ್ತಡ, ಕೊಲಾಜೆನ್ ಅನ್ನೋ ಪ್ರೋಟೀನ್ ನಾರಿನ ಬಲೆ ಎರಡೂ ಅಡ್ಡ ನಿಲ್ತವೆ.

ಗಾತ್ರದ ವಿಷಯದಲ್ಲಿ ಟೋಕಿಯೋದ ಕಟಾವೋಕಾ ತಂಡ 2011ರಲ್ಲಿ ಇಲಿಗಳಲ್ಲಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. 30, 50, 70, 100 ನ್ಯಾನೋಮೀಟರ್ ಕಣಗಳನ್ನ ಹೋಲಿಸಿದ್ರು. ರಕ್ತನಾಳಗಳು ಚೆನ್ನಾಗಿ ಸೋರುವ ಗಡ್ಡೆಯಲ್ಲಿ ನಾಲ್ಕೂ ಒಳಗೆ ಹೋದವು. ನಾಳಗಳು ಅಷ್ಟಾಗಿ ಸೋರದ ಮೇದೋಜ್ಜೀರಕ ಗ್ರಂಥಿಯ ಗಡ್ಡೆಯಲ್ಲಿ 30ರದ್ದು ಮಾತ್ರ. ಅಂದ್ರೆ ‘ನಮ್ಮ ಕಣ ಗಡ್ಡೆಯೊಳಗೆ ಹೋಗುತ್ತೆ’ ಅಂದವರನ್ನ ಯಾವ ಗಡ್ಡೆ ಅಂತ ಕೇಳಲೇಬೇಕು. ಇಲಿಯ ಗಡ್ಡೆಯೂ ಸಾಮಾನ್ಯದ್ದಲ್ಲ ಬಿಡಿ: 20 ಗ್ರಾಂ ಇಲಿಯಲ್ಲಿ 1 ಗ್ರಾಂ ಗಡ್ಡೆ ಅಂದ್ರೆ 60 ಕಿಲೋ ಮನುಷ್ಯನಲ್ಲಿ 3 ಕಿಲೋ!

ಹಾಗಂತ ನ್ಯಾನೋ ಔಷಧಿ ಬರೀ ಬೊಗಳೆ ಅಂತಲ್ಲ. ಡಾಕ್ಸೋರುಬಿಸಿನ್ನನ್ನೇ ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ತು. ಅದರಿಂದ ರೋಗಿಗಳಿಗಾದ ದೊಡ್ಡ ಉಪಕಾರ ಅಂದ್ರೆ ಹೃದಯಕ್ಕೆ ಆಗ್ತಿದ್ದ ಪೆಟ್ಟು ಕಮ್ಮಿಯಾಗಿದ್ದು. ಎಷ್ಟು ಸ್ಫೆರಾಯ್ಡ್ ಚಿತ್ರ ತೆಗೆದ್ರೂ ಇದು ಕಾಣ್ತಿರಲಿಲ್ಲ.