ಸತ್ಯಾಂಶ: ಸೈಡ್‌ಕಾರ್ ಗಾಲಿ ಪೂರ್ತಿ ನೇರ ಇರಬೇಕೇ?

ಪಕ್ಕಕ್ಕೆ ಒಂದು ಗಾಲಿಯ ಆಸನದ ಪೆಟ್ಟಿಗೆ ಜೋಡಿಸಿದ ಹಳೆ ಮಾದರಿಯ ಸೈಡ್‌ಕಾರ್ ಬೈಕಿನ ಬಗ್ಗೆ ಓಡಾಡುವ ಸಂದೇಶ ಇದು: ‘ಗಾಲಿಗಳು ಪೂರ್ತಿ ಸಮಾನಾಂತರ ಇರಲಿ; ಹ್ಯಾಂಡಲ್ ಎಡಕ್ಕೆ ಎಳೆದರೆ ಸೈಡ್‌ಕಾರ್ ಟೈರಿಗೆ ಗಾಳಿ ಹೆಚ್ಚಿಸಿ.’ ಎರಡೂ ತಪ್ಪು.

ನಮ್ಮಲ್ಲಿ ಸೈಡ್‌ಕಾರ್ ಎಡಕ್ಕಿರುತ್ತದೆ. ಸಾಮಾನ್ಯವಾಗಿ ಅದರ ಗಾಲಿಗೆ ಎಂಜಿನ್ ಬಲವಿಲ್ಲ, ಬರೀ ಎಳೆಸಿಕೊಂಡು ಬರುವ ಭಾರ. ಮಳೆನೀರು ಹರಿಯಲೆಂದು ರಸ್ತೆಯೂ ಎಡಕ್ಕೇ ಇಳಿಜಾರು. ಗಾಳಿ ತುಂಬಿದರೆ ಈ ಎಳೆತ ಹೋಗದು, ಟೈರಿನ ನಡುಭಾಗ ಬೇಗ ಸವೆಯುತ್ತದೆ, ಅಷ್ಟೆ.

ಸರಿಪಡಿಸಬೇಕಾದ್ದು ಗಾಲಿಯ ಕೋನ. ಸಮತಟ್ಟು ನೆಲದಲ್ಲಿ ಬೈಕಿನ ಎರಡೂ ಗಾಲಿಗೆ ತಾಗುವಂತೆ ಒಂದು ನೇರ ಪಟ್ಟಿ, ಸೈಡ್‌ಕಾರ್ ಗಾಲಿಗೆ ಇನ್ನೊಂದು ಇಡಿ. ಪಟ್ಟಿಗಳ ಅಂತರ ಹಿಂದಿಗಿಂತ ಮುಂದೆ ಸುಮಾರು 10–20 ಮಿ.ಮೀ. ಕಡಿಮೆ ಇರಬೇಕು, ನಿಮ್ಮ ಗಾಡಿಯ ಕೈಪಿಡಿಯ ಅಳತೆಯೇ ಅಂತಿಮ. ಅತಿಯಾದರೆ ಸೈಡ್‌ಕಾರ್ ಟೈರು ಉಜ್ಜಿ ಸವೆಯುತ್ತದೆ. ಆಮೇಲೆ, ಸವಾರ ಕುಳಿತಾಗ ಬೈಕು 1–2 ಡಿಗ್ರಿ ಬಲಕ್ಕೆ ವಾಲಿರುವಂತೆ ಎರಡನ್ನೂ ಜೋಡಿಸುವ ಮೇಲಿನ ತೋಳುಗಳನ್ನು ಹೊಂದಿಸಿ. ವಾಲು ನೋಡಲು ತೂಗುಗುಂಡು (ದಾರಕ್ಕೆ ಕಟ್ಟಿದ ಭಾರ) ಸಾಕು.

ಕಾರವಾರದ ಉಪ್ಪುಗಾಳಿಗೆ ಕ್ಲ್ಯಾಂಪ್ ಬೋಲ್ಟ್ ಕಚ್ಚಿಕೊಂಡಿದ್ದರೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹಾಕಿ. ಜೋಡಿಸುವಾಗ ಬೋಲ್ಟಿನ ಸುರುಳಿ ಎಳೆಗಳಿಗೆ ಗ್ರೀಸ್ ಹಚ್ಚಿ, ದೇವಿಮನೆ ಘಟ್ಟ ಹತ್ತುವ ಮೊದಲು ಮತ್ತೊಮ್ಮೆ ಬಿಗಿತ ನೋಡಿ.