ಬಾಗಿಲಿಗೆ ಬಂತು ಕಸ, ಸೇವೆಗೆ ಇರಲಿ ಸಹಕಾರ

ಬೆಂಗಳೂರಿನ ತೆರಿಗೆದಾರರಿಗೆ ಕೊನೆಗೂ ಮನೆ ಬಾಗಿಲಿಗೆ ಸೇವೆ ಬಂದಿದೆ. 2024ರ ಜನವರಿಯಲ್ಲಿ ‘ಬಾಗಿಲಿಗೆ ಬಂತು ಸರ್ಕಾರ, ಸೇವೆಗೆ ಇರಲಿ ಸಹಕಾರ’ ಎಂಬ ಕಾರ್ಯಕ್ರಮ ಶುರುವಾದಾಗ, ಸರ್ಕಾರ ಬಾಗಿಲಿಗೆ ಬಂದು ಕೊಡುವುದಾದರೂ ಏನು ಅಂತ ಕೆಲವರು ತಲೆ ಕೆರೆದುಕೊಂಡಿದ್ದರು. 2025ರ ಅಕ್ಟೋಬರ್ ಕೊನೆಯಲ್ಲಿ ಉತ್ತರ ಸಿಕ್ಕಿತು. ಕಸ.

ಸುದ್ದಿ ನಿಮಗೆ ಗೊತ್ತೇ ಇದೆ. ರಸ್ತೆ ಮೂಲೆಯಲ್ಲಿ ಕಸ ಎಸೆದವರನ್ನು ಮಾರ್ಷಲ್‌ಗಳು ವಿಡಿಯೊದಲ್ಲಿ ಹಿಡಿದರು. ಮನೆ ಪತ್ತೆ ಮಾಡಿದರು. ಕಸ ತಂದು ಅವರ ಬಾಗಿಲಲ್ಲೇ ಸುರಿದು, ದಂಡ ಹಾಕಿ ಹೋದರು. ಇದಕ್ಕಿಟ್ಟ ಹೆಸರು ‘ಕಸ ಸುರಿಯುವ ಹಬ್ಬ’. ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ ಕನ್ನಡಕ್ಕೆ ಇಂಥದ್ದೊಂದು ಹೊಸ ಹಬ್ಬ ಕೊಟ್ಟವರನ್ನು ಸನ್ಮಾನ ಮಾಡದೆ ಬಿಟ್ಟಿದ್ದು ಅನ್ಯಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಹತ್ತು ಗಂಟೆಗೆ ಸ್ಕೂಟರ್‌ನಲ್ಲಿ ಬಂದು, ಬ್ರೇಕ್ ಕೂಡ ಹಾಕದೆ, ಹಾಲಿನ ಡೇರಿ ಪಕ್ಕ ಕವರ್ ಎಸೆದು ಹೋಗುವ ಮಹಾನುಭಾವರ ಪರ ವಾದ ಮಾಡಲು ನಾನು ಬಂದಿಲ್ಲ. ಅವರ ಮನೆ ಮುಂದೆ ಕಸ ಬಿದ್ದ ವಿಡಿಯೊ ನೋಡಿ ನಾನೂ ನಕ್ಕಿದ್ದೇನೆ. ಆದರೆ ನಗು ನಿಂತ ಮೇಲೆ ಲೆಕ್ಕ ಶುರುವಾಯಿತು. ಈ ಊರಲ್ಲಿ ಹಾಗೇ ಅಲ್ವಾ, ಯಾವ ಹಬ್ಬ ಮುಗಿದರೂ ಬಿಲ್ ಬರುತ್ತದೆ.

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಅಂತ ಬೇರೆಯಾಗಿ ಕಟ್ಟುತ್ತಿದ್ದೇವೆ. 600 ಚದರ ಅಡಿವರೆಗಿನ ಮನೆಗೆ ಮೊದಲ ವರ್ಷ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100. ಹೀಗೆ ಏರುತ್ತಾ ನಾಲ್ಕು ಸಾವಿರ ದಾಟಿದರೆ 400. ಕಸ ಹುಟ್ಟುವುದು ಅಡುಗೆ ಮನೆಯಲ್ಲಿ ಅಂತ ನಾವು ತಿಳಿದಿದ್ದೆವು. ಪಾಲಿಕೆಯ ಪ್ರಕಾರ ಅದು ಚದರ ಅಡಿಯಲ್ಲಿ ಹುಟ್ಟುತ್ತದೆ. ಮಕ್ಕಳೆಲ್ಲ ಅಮೆರಿಕದಲ್ಲಿ, ದೊಡ್ಡ ಮನೆಯಲ್ಲಿ ಅಜ್ಜಿ ಒಬ್ಬರೇ, ದಿನಕ್ಕೆ ಅರ್ಧ ಬೀನ್ಸ್ ಸಿಪ್ಪೆ. ಶುಲ್ಕ ಮಾತ್ರ ಛತ್ರದ್ದು. ಖಾಲಿ ಸೈಟಿಗೂ ಕಸದ ಶುಲ್ಕ ಇದೆ. ಮನೆಯೇ ಇಲ್ಲ, ಕಸ ಎಲ್ಲಿಂದ ಅಂತ ಕೇಳಬೇಡಿ. ಇಡೀ ಬೀದಿಯ ಕಸ ಬಂದು ಬೀಳುವುದೇ ಆ ಸೈಟಿನಲ್ಲಿ. ಒಟ್ಟು ಯೋಜನೆಯಲ್ಲಿ ವಾಸ್ತವಕ್ಕೆ ತೀರಾ ಹತ್ತಿರ ಇರುವ ದರ ಅದೊಂದೇ.

ಇನ್ನು ವರ್ಷಕ್ಕೆ 5 ಪರ್ಸೆಂಟ್ ತಾನಾಗಿಯೇ ಏರುವ ವ್ಯವಸ್ಥೆಯೂ ಅದರಲ್ಲೇ ಇದೆ. ಸೇವೆ ಮಾತ್ರ ತಾನಾಗಿ ಏರುವುದಿಲ್ಲ.

ಆದರೆ ಪಾಲಿಕೆ ಕಟುಕ ಅಲ್ಲ. ಕೊಟ್ಟದ್ದನ್ನು ವಾಪಸ್ ಪಡೆಯಲು ದಾರಿಯನ್ನೂ ತೋರಿಸಿದೆ. ಕಸ ಎಸೆಯುವವರ ವಿಡಿಯೊ ಮಾಡಿ ಕಳಿಸಿದರೆ 250 ರೂಪಾಯಿ ಬಹುಮಾನ ಅಂತ ಪ್ರಕಟಣೆ ಬಂತು. ನನ್ನಂಥ 100 ರೂಪಾಯಿ ದರ್ಜೆಯವನಿಗೆ ಮೊದಲ ವರ್ಷದ ಕಸದ ಶುಲ್ಕ 1,200. ಐದು ವಿಡಿಯೊಗೆ 1,250. ಶುಲ್ಕ ಕಳೆದು 50 ರೂಪಾಯಿ ಲಾಭ. ಬೆಂಗಳೂರಿನಲ್ಲಿ ಇಷ್ಟು ಖಚಿತವಾದ ಹೂಡಿಕೆ ಬೇರೆ ಇಲ್ಲ. ಪಕ್ಕದ ಮನೆಯವರ ಜೊತೆ ಮಾತಾಡಿಕೊಂಡರೆ ಇನ್ನೂ ಸಲೀಸು. ಈ ತಿಂಗಳು ನೀವು ಎಸೆಯಿರಿ, ನಾನು ವಿಡಿಯೊ ಮಾಡುತ್ತೇನೆ. ಮುಂದಿನ ತಿಂಗಳು ಉಲ್ಟಾ. ದಂಡದ ಲೆಕ್ಕ ಹಾಕಿದ ಮೇಲೆ ಈ ಯೋಜನೆ ಗಿಟ್ಟುವುದಿಲ್ಲ ಅಂತ ಗೊತ್ತಾಯಿತು, ಬಿಟ್ಟೆವು.

ಜನ ಯಾಕೆ ಮೂಲೆಯಲ್ಲಿ ಎಸೆಯುತ್ತಾರೆ ಎಂಬ ಪ್ರಶ್ನೆ ಮಾತ್ರ ಹಬ್ಬದ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಬೀದಿಯ ತೊಟ್ಟಿಗಳನ್ನು ತೆಗೆದು ಎಷ್ಟೋ ವರ್ಷವಾಯಿತು. ಮನೆ ಮನೆಗೆ ಆಟೊ ಬರುತ್ತದೆ, ಹಾಗಾಗಿ ತೊಟ್ಟಿ ಬೇಡ ಅಂದರು. ಒಳ್ಳೆಯ ಯೋಚನೆಯೇ. ಆಟೊ ಕೆಲವು ಬೀದಿಗೆ ಆರಕ್ಕೆ ಬರುತ್ತದೆ, ಕೆಲವಕ್ಕೆ ಹತ್ತಕ್ಕೆ. ಕೆಲವು ಬೀದಿಗೆ ಅದು ಅತಿಥಿ, ತಿಥಿ ನೋಡದೆ ಬರುವವರನ್ನೇ ಅಲ್ವಾ ಅತಿಥಿ ಅನ್ನುವುದು. ಗಂಡ ಹೆಂಡತಿ ಇಬ್ಬರೂ ಏಳಕ್ಕೆ ವೈಟ್‌ಫೀಲ್ಡ್ ಕಡೆ ಹೊರಡುವ ಮನೆಯಲ್ಲಿ ಮೂರು ದಿನದ ಹಸಿ ಕಸ ಇಟ್ಟುಕೊಂಡು ಯಾರು ಕೂರುತ್ತಾರೆ? ಹಾಗೆ ಬಿದ್ದ ಮೂಲೆಗೆ ಬ್ಲ್ಯಾಕ್ ಸ್ಪಾಟ್ ಅಂತ ಹೆಸರಿಟ್ಟರು. ಗುಡಿಸಿ ರಂಗೋಲಿ ಬಿಟ್ಟರು. ಮಾರನೇ ದಿನ ರಂಗೋಲಿ ಮೇಲೆ ಕಸ. ಹಬ್ಬ ಅಂದಮೇಲೆ ರಂಗೋಲಿ ಬೇಕು ಅಂತ ಮೊದಲೇ ತಯಾರಿ ಮಾಡಿದ್ದರು ಅನಿಸುತ್ತದೆ.

ಪಾಪ, ಈ ಎಲ್ಲದರ ಮಧ್ಯೆ ಪೌರಕಾರ್ಮಿಕರು. ದಿನಾ ಬೆಳಿಗ್ಗೆ ಎತ್ತುವುದು ಸಾಲದು ಅಂತ ಈಗ ಹೊತ್ತುಕೊಂಡು ಹೋಗಿ ಸುರಿಯಬೇಕು, ಆಮೇಲೆ ಮತ್ತೆ ಅವರೇ ಗುಡಿಸಬೇಕು. ಈ ಹಬ್ಬದಲ್ಲಿ ಹೋಳಿಗೆ ಯಾರಿಗೋ, ಪಾತ್ರೆ ತೊಳೆಯುವುದು ಅವರು.

ಕಸ ಬಿಡಿ. ತೆರಿಗೆ ಚೀಟಿಯನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಮೂಲ ತೆರಿಗೆಯ ಮೇಲೆ ಸೆಸ್ ಇದೆ. ಅದರಲ್ಲಿ ಆರೋಗ್ಯಕ್ಕೆ 15 ಪರ್ಸೆಂಟ್, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಅಂದರೆ ಹತ್ತು ಸಾವಿರ ತೆರಿಗೆ ಕಟ್ಟುವವನು ವರ್ಷಕ್ಕೆ 600 ರೂಪಾಯಿ ಪುಸ್ತಕಕ್ಕೆ ಕೊಡುತ್ತಾನೆ. ಕನ್ನಡಿಗರು ಪುಸ್ತಕಕ್ಕೆ ದುಡ್ಡು ಖರ್ಚು ಮಾಡಲ್ಲ ಅಂತ ಪ್ರಕಾಶಕರು ಗೋಳಾಡುತ್ತಾರಲ್ಲ, ಅವರಿಗೆ ಈ ಚೀಟಿ ತೋರಿಸಬೇಕು. ನಾವು ಪ್ರತಿ ವರ್ಷ ತಪ್ಪದೆ ಕೊಳ್ಳುತ್ತಿದ್ದೇವೆ ಸ್ವಾಮಿ. ಪುಸ್ತಕ ಮಾತ್ರ ನಮ್ಮ ಬೀದಿ ತನಕ ಬಂದಿಲ್ಲ. ಹೀಗೆ ವಸೂಲಾದ ಗ್ರಂಥಾಲಯ ಸೆಸ್ ಅನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿದೆ ಎಂಬ ಸುದ್ದಿ ಎಷ್ಟು ವರ್ಷಗಳಿಂದ ಬರುತ್ತಿದೆ ಅಂದರೆ, ಅದನ್ನೇ ಒಂದು ಗ್ರಂಥ ಮಾಡಿ ಅದೇ ಗ್ರಂಥಾಲಯದಲ್ಲಿ ಇಡಬಹುದು. ಭಿಕ್ಷುಕರ ಸೆಸ್‌ನಲ್ಲೂ ಇದೇ ಕಥೆ. ಭಿಕ್ಷುಕರ ಹೆಸರಲ್ಲಿ ಎತ್ತಿದ ದುಡ್ಡನ್ನು ಕೊಡಿ ಅಂತ ಅವರನ್ನು ನೋಡಿಕೊಳ್ಳುವ ಸಮಿತಿ ಪಾಲಿಕೆ ಮುಂದೆ ಕೈ ಚಾಚಬೇಕು. 1975ರ ಕಾಯ್ದೆ ಭಿಕ್ಷಾಟನೆಯನ್ನು ನಿಷೇಧಿಸಿದೆ. ಸಮಿತಿಯವರು ಹುಷಾರಾಗಿರಲಿ.

ಕಟ್ಟುವಾಗ ನಾವು ತಪ್ಪು ಮಾಡಿದರೆ ಮಾತ್ರ ಪಾಲಿಕೆಯ ಕಣ್ಣು ಹದ್ದಿನದ್ದು. 2016ರಲ್ಲಿ ತೆರಿಗೆ ದರ ನಿರ್ಧರಿಸುವ ಎ ಇಂದ ಎಫ್‌ವರೆಗಿನ ವಲಯಗಳನ್ನು ಬದಲಾಯಿಸಿದರು. ಮನೆಗಳ ತೆರಿಗೆ 20 ಪರ್ಸೆಂಟ್ ಏರಿತು. ತುಂಬಾ ಜನ ಹಳೇ ವಲಯದಲ್ಲೇ ಕಟ್ಟಿಬಿಟ್ಟರು. ಪಾಲಿಕೆಯ ಕಂಪ್ಯೂಟರ್ ಅದನ್ನು ಒಪ್ಪಿಕೊಂಡು ರಸೀದಿಯನ್ನೂ ಕೊಟ್ಟಿತು. ಐದು ವರ್ಷ ಕಳೆದ ಮೇಲೆ, ಕೋವಿಡ್ ಹೊಡೆತದಿಂದ ಜನ ಇನ್ನೂ ಏಳದಿದ್ದಾಗ, ಸುಮಾರು 78 ಸಾವಿರ ಮನೆಗಳಿಗೆ ನೋಟಿಸ್ ಹೋಯಿತು. ವ್ಯತ್ಯಾಸ ಕಟ್ಟಿ, ಅದರ ಎರಡರಷ್ಟು ದಂಡ ಕಟ್ಟಿ, ಮೇಲೆ ಬಡ್ಡಿ ಕಟ್ಟಿ. ಕಂಪ್ಯೂಟರ್‌ಗೆ ಮಾತ್ರ ನೋಟಿಸ್ ಹೋಗಲಿಲ್ಲ. ಗದ್ದಲ ಆದ ಮೇಲೆ ದಂಡ, ಬಡ್ಡಿ ಬಿಡುವ ಮಾತು ಬಂತು. ಅಷ್ಟರಲ್ಲಿ ಹೆದರಿ ಕಟ್ಟಿದವರು ಕಟ್ಟಿಯಾಗಿತ್ತು.

ಬಿ ಖಾತಾ, ಅಂದರೆ ನಿಯಮ ಮೀರಿದ ಆಸ್ತಿಗಳಿಗೆ ಪಾಲಿಕೆ ಇಟ್ಟ ಬೇರೆ ಪುಸ್ತಕ, ಅದಂತೂ ಅದ್ಭುತ. ನಿಮ್ಮ ಮನೆ ಕಾನೂನಿನ ಪ್ರಕಾರ ಸರಿ ಇಲ್ಲ. ಹಾಗಾಗಿ ಅದು ಇಲ್ಲ. ಆದರೆ ತೆರಿಗೆ ಇದೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ಸಕ್ರಮ ಆಗುವುದಿಲ್ಲ ಅಂತ ಕಾನೂನಿನಲ್ಲೇ ಬರೆದುಕೊಂಡು, ವರ್ಷಗಟ್ಟಲೆ ಆ ಇಲ್ಲದ ಮನೆಯಿಂದ ಇರುವ ದುಡ್ಡು ತೆಗೆದುಕೊಂಡರು. ಮಾಯೆಯನ್ನು ಶಂಕರಾಚಾರ್ಯರ ನಂತರ ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಕಂದಾಯ ವಿಭಾಗದವರೇ. 2025ರ ದೀಪಾವಳಿ ಉಡುಗೊರೆ ಅಂತ ಬಿ ಖಾತಾವನ್ನು ಸಕ್ರಮ ಆಸ್ತಿಯ ಎ ಖಾತಾ ಮಾಡಿಕೊಡುತ್ತೇವೆ ಅಂದರು. ಸೈಟಿನ ಮಾರ್ಗಸೂಚಿ ಬೆಲೆಯ 5 ಪರ್ಸೆಂಟ್ ಕೊಟ್ಟರೆ ಸಾಕು ಅಂದರು. ಉಡುಗೊರೆಗೆ ದುಡ್ಡು ಕಟ್ಟಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಇರಲಿಲ್ಲ.

ಗಮನಿಸಿದಿರಾ, ಎಲ್ಲ ಕಡೆ ಐದು. ಬೇಗ ಕಟ್ಟಿದರೆ ತೆರಿಗೆಯಲ್ಲಿ 5 ಪರ್ಸೆಂಟ್ ರಿಯಾಯಿತಿ. ಕಸದ ಶುಲ್ಕ ವರ್ಷಕ್ಕೆ 5 ಪರ್ಸೆಂಟ್ ಏರಿಕೆ. ಖಾತಾಗೆ 5 ಪರ್ಸೆಂಟ್. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಇದ್ದದ್ದು ಐದು ಪಾಲಿಕೆ, ಅವುಗಳ ತಲೆ ಮೇಲೊಂದು ಪ್ರಾಧಿಕಾರ. ಮತ್ತು ಕಾರ್ಪೊರೇಟರ್ ಇಲ್ಲದೆ ಐದು ವರ್ಷ.

ಈ ಕೊನೆಯ ಐದನ್ನು ತಮಾಷೆ ಮಾಡಲು ನನಗೆ ಆಗುತ್ತಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಆಗಲಿಲ್ಲ. ವಾರ್ಡ್ 198 ಇದ್ದದ್ದು 243 ಆಯಿತು, 225 ಆಯಿತು, ಈಗ ಐದು ಪಾಲಿಕೆ ಸೇರಿ 369. ಎಣಿಸಿದರು, ಅಳಿಸಿದರು, ಮತ್ತೆ ಎಣಿಸಿದರು. ಕೋರ್ಟಿಗೆ ಹೋದರು, ಬಂದರು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ. 2025ರ ಮಾರ್ಚ್‌ನಲ್ಲಿ ಟೌನ್‌ಹಾಲ್‌ನಲ್ಲಿ ಅಧಿಕಾರಿಗಳೇ ಸುಮಾರು 19,930 ಕೋಟಿಯ ಬಜೆಟ್ ಓದಿದರು. ನಾವು ವೋಟು ಹಾಕಿದ ಒಬ್ಬನೇ ಒಬ್ಬ ಮನುಷ್ಯ ಎದ್ದು ನಿಂತು, ನಮ್ಮ ವಾರ್ಡಿನ ಮೋರಿ ಏನಾಯಿತು ಸಾರ್ ಅಂತ ಕೇಳಲಿಲ್ಲ. ಯಾಕಂದರೆ ಅಂಥವನು ಇರಲಿಲ್ಲ. ಹಳೇ ಕಾರ್ಪೊರೇಟರ್‌ಗಳೇನು ಸಾಚಾ ಅಂತ ನಾನು ಹೇಳುತ್ತಿಲ್ಲ. ಕಂಟ್ರಾಕ್ಟರ್ ಜೊತೆ ಕೂತು ಕಾಫಿ ಕುಡಿದವರೇ ಜಾಸ್ತಿ. ಆದರೆ ಬೆಳಿಗ್ಗೆ ಅವರ ಮನೆ ಮುಂದೆ ಹೋಗಿ ಬೈಯಬಹುದಿತ್ತು. ಬೈಸಿಕೊಳ್ಳಲು ಒಂದು ಮುಖ ಇತ್ತು. ತೆರಿಗೆ ಕೇಳುವಾಗ ನಮ್ಮ ಮನೆ ನಂಬರ್, ಅಳತೆ, ವಲಯ, ಫೋಟೊ ಎಲ್ಲ ಬೇಕು. ನಾವು ತಿರುಗಿ ಕೇಳೋಣ ಅಂದರೆ ಆ ಕಡೆ ಇರುವುದು ಆ್ಯಪ್. ಸಾಕಾಗಿ ಹೋಗಿದೆ.

ಕಸ ಎಸೆದವನ ಬಾಗಿಲಿಗೇ ಕಸ ಅನ್ನುವುದು ನ್ಯಾಯವಾದರೆ, ಗುಂಡಿ ಬಿಟ್ಟವರ ಬಾಗಿಲಿಗೇ ಗುಂಡಿ ಅನ್ನಬಹುದಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ತೊಂದರೆ ಇದೆ. ಕಸವನ್ನು ಆಟೊದಲ್ಲಿ ತುಂಬಬಹುದು. ಗುಂಡಿ ಅಂದರೆ ಅಲ್ಲಿ ಇಲ್ಲದಿರುವ ರಸ್ತೆ. ಇಲ್ಲದ್ದನ್ನು ಯಾವ ಗಾಡಿಗೆ ಲೋಡ್ ಮಾಡುತ್ತೀರಿ? ಮಾಡಿದರೂ ಯಾವ ಬಾಗಿಲಿಗೆ? ಐದರಲ್ಲಿ ಯಾವ ಪಾಲಿಕೆ? ಅಗೆದವರು ಜಲಮಂಡಳಿಯವರೋ, ಬೆಸ್ಕಾಂನವರೋ, ಕೇಬಲ್‌ನವರೋ? ಅಷ್ಟು ಪತ್ತೆ ಮಾಡುವಷ್ಟರಲ್ಲಿ ಗುಂಡಿಗೆ ಖಾತಾ ಆಗಿ, ತೆರಿಗೆ ಬಂದಿರುತ್ತದೆ. ಬೆಂಗಳೂರನ್ನು ಎರಡು ಮೂರು ವರ್ಷದಲ್ಲಿ ಬದಲಾಯಿಸುವುದು ದೇವರಿಂದಲೂ ಆಗದು ಅಂತ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ 2025ರ ಫೆಬ್ರುವರಿಯಲ್ಲಿ ಹೇಳಿದ್ದಾರೆ. ನಂಬುತ್ತೇನೆ. ಆದರೆ ದೇವರ ಹುಂಡಿಗೆ ಹಾಕುವುದು, ಬಿಡುವುದು ನಮ್ಮಿಷ್ಟ. ಹಾಕದಿದ್ದರೆ ತಿರುಪತಿಯಿಂದ ನೋಟಿಸ್ ಬರುವುದಿಲ್ಲ.

ಅಂದಹಾಗೆ, ಈ ಹಬ್ಬ ಹೊಸದು ಅಂತ ಮೇಲೆ ಬರೆದಿದ್ದೆನಲ್ಲ, ಅದು ಊರೊಳಗಿನವರಿಗೆ ಮಾತ್ರ ಹೊಸದು. ಬೇರೆಯವರ ಬಾಗಿಲಿಗೆ ಕಸ ಸುರಿಯುವುದನ್ನು ಈ ಊರು ಎಷ್ಟೋ ವರ್ಷ ದಿನವೂ ಆಚರಿಸಿದೆ. ಯಲಹಂಕದ ಆಚೆ ಮಾವಳ್ಳಿಪುರದಲ್ಲಿ 2012ರವರೆಗೆ. ಅದು ಮುಚ್ಚಿದ ಮೇಲೆ ಭಾರವೆಲ್ಲ ಕೆ.ಆರ್. ಪುರದ ಆಚೆ ಮಂಡೂರಿನ ಮೇಲೆ. ಅಲ್ಲಿನ ಜನ ಲಾರಿಗಳಿಗೆ ಅಡ್ಡ ನಿಂತು, ಗಲಾಟೆ ಮಾಡಿ, ಕೊನೆಗೆ 2014ರ ನವೆಂಬರ್ ಮುಗಿಯುವ ಹೊತ್ತಿಗೆ ನಿಂತಿತು. ಈಗ ಮಿಟ್ಟಗಾನಹಳ್ಳಿಯ ಕ್ವಾರಿ. ಅಲ್ಲಿನವರು ಯಾವ ಮೂಲೆಗೂ ಕವರ್ ಎಸೆದವರಲ್ಲ. ಅವರ ಬಾವಿ ನೀರು ಕೆಟ್ಟಿತು, ನೊಣ ಮುತ್ತಿತು. ಆಗ ನಾವು, 5 ಪರ್ಸೆಂಟ್ ರಿಯಾಯಿತಿಯಲ್ಲಿ ತೆರಿಗೆ ಕಟ್ಟಿದ ಸಭ್ಯರು, ಕಸ ಎಲ್ಲಿ ಹೋಗುತ್ತದೆ ಅಂತ ಒಮ್ಮೆಯೂ ಕೇಳಲಿಲ್ಲ. ಮಂಡೂರಿನವರು ಊರಿಗೆ ಬಂದ ಒಂದೊಂದು ಲಾರಿಯ ವಿಡಿಯೊವನ್ನೂ ಜೋಪಾನವಾಗಿ ಇಟ್ಟುಕೊಂಡು, ತಲಾ 250 ರೂಪಾಯಿ ಬಹುಮಾನ ಕೊಡಿ ಅಂತ ಈಗ ಬಂದು ಕೂತರೆ, ಐದರಲ್ಲಿ ಯಾವ ಪಾಲಿಕೆ ಕೊಡುತ್ತದೆ?